ಅಧ್ಯಕ್ಷೆಗೆ ಧಿಕ್ಕಾರ

ವಿರೋಧ ಮಾಡೋದ್ರಲ್ಲಿ ನನ್ನನ್ನ ಮೀರಿಸೋರು ನಮ್ಮ ಸೀಮೆಲಿ ಯಾರೂ ಇಲ್ಲ. ಜಂಬ ಅಂತ ತಿಳ್ಕಬೇಡಿ, ಇದ್ದಿದ್ದು ಹೇಳ್ತಿದೀನಿ. ಪಂಚಾಯ್ತಿಗೆ ಎಷ್ಟು ಸಲ ಗೆದ್ದಿದೀನೋ ಅಷ್ಟೂ ಸಲ ನಮ್ಮ ಗುಂಪು ಸೋತಿದೆ. ಹಂಗಾಗಿ ವರದಮ್ಮ ಅನ್ನೋಳ ಕೆಲಸ ಒಂದೇ. ಮೀಟಿಂಗಿಗೆ ಹೋಗೋದು, "ನಂದು ವಿರೋಧ ಇದೆ, ಬರ್ಕಳಿ" ಅನ್ನೋದು, ಬರ್ಕಳ್ಳದಿದ್ರೆ ಎದ್ದು ಹೊರಗೆ ಬಂದು ಎದುರಿನ ಹೋಟೆಲಲ್ಲಿ ಟೀ ಕುಡಿಯೋದು. ಪೇಪರಿನೋರು ಅದನ್ನ ಸಭಾತ್ಯಾಗ ಅಂತ ಬರೀತಿದ್ರು. ನಮ್ಮನೆಯವರು, ಹೂವಪ್ಪ, "ಇವತ್ತು ಟೀ ಕುಡಿದ್ಯೋ ಇಲ್ವೋ" ಅಂತ ಕೇಳ್ತಿದ್ರು.

ನಮ್ಮ ಊರು ಮೂರು ಕಡೆಗೂ ಸಲ್ಲೋದು. ತಾಲ್ಲೂಕು ಹೊಸನಗರ, ಸಂತೆ ತೀರ್ಥಹಳ್ಳಿ ಬದಿಯ ಕೋಣಂದೂರು, ಎ.ಸಿ. ಸಾಹೇಬ್ರ ಆಫೀಸು ಸಾಗರ. ಈ ಮೂರೂ ಕಡೆ ನಾನು ಧರಣಿ ಕೂತಿದೀನಿ. ಹೊಸನಗರದಲ್ಲಂತೂ ಪೊಲೀಸರು ವ್ಯಾನಿಗೆ ಹತ್ತಿಸ್ಕಂಡು ಹೋಗಿ ಸಂಜೆಗೆ ಬಿಟ್ಟಿದಾರೆ. ಎಲ್ಲ ಅಬ್ಬಿ ನೀರಿಗೋಸ್ಕರ.

ನಮ್ಮ ವಾರ್ಡಿಗೆ ಅಬ್ಬಿಕೇರಿ ಅಂತ ಹೆಸರು. ಗುಡ್ಡದ ಸಂದಿಲಿ ಒಂದು ಒರತೆ ಇದೆ, ಅದನ್ನೇ ನಾವು ಅಬ್ಬಿ ಅನ್ನೋದು. ಅಲ್ಲಿಂದ ಪೈಪ್ ಎಳ್ಕಂಡು ಇಡೀ ಕೇರಿ ಕುಡಿಯೋದು. ಪಂಚಾಯ್ತಿಯ ಕಸದ ಘಟಕನ ಸರಿಯಾಗಿ ಆ ಒರತೆಯ ತಲೆ ಮೇಲೆ, ಗುಡ್ಡದ ನೆತ್ತಿಲಿ ಕಟ್ಟಬೇಕು ಅಂತ, ಯಾವಾಗ್ಲೂ ಗೆಲ್ಲೋ ರಾಜೇಂದ್ರನ ಗುಂಪಿನ ಹಠ. ಬೇರೆ ಸರ್ಕಾರಿ ಜಾಗ ಇಲ್ವಾ ಅಂದ್ರೆ ಇದೆ, ಪೇಟೆ ಹತ್ರನೇ ಇದೆ. ಆದ್ರೆ ಅದು ರಾಜೇಂದ್ರನ ಕಲ್ಯಾಣ ಮಂಟಪದ ಹಿಂಬದಿಗೆ ತಾಗಿಕಂಡಿದೆ. ಮದುವೆ ಊಟದ ಘಮಕ್ಕೆ ಕಸದ ನಾತ ಸೇರಬಾರ್ದಲ. ನಮ್ಮ ಮಕ್ಕಳು ಕುಡಿಯೋ ನೀರಿಗೆ ಸೇರಬಹುದು.

ಈ ಸಲದ ಚುನಾವಣೆಲೂ ಅದೇ ಹಾಡು. ಅವರು ಒಂಬತ್ತು, ನಾವು ನಾಲ್ಕು. ಆಮೇಲೆ ಅಧ್ಯಕ್ಷ ಸ್ಥಾನದ ಮೀಸಲಾತಿ ಬಂತು ನೋಡಿ, ಹಿಂದುಳಿದ ವರ್ಗ ಬಿ, ಮಹಿಳೆ ಅಂತ. ಅವರ ಒಂಬತ್ತರಲ್ಲಿ ಆ ವರ್ಗದ ಹೆಂಗಸು ಒಬ್ಬಳೂ ಇಲ್ಲ. ಇದ್ದಿದ್ದು ನಾನೊಬ್ಬಳೇ. ಹಿಂಗೆ ಯಾರೂ ಓಟು ಹಾಕದೆ, ಅವರಿಗ್ಯಾರಿಗೂ ಇಷ್ಟ ಇಲ್ಲದೆ, ಜೀವಮಾನ ಪೂರ್ತಿ ವಿರೋಧ ಮಾಡಿದ ವರದಮ್ಮ ಅವಿರೋಧ ಅಧ್ಯಕ್ಷೆ ಆದಳು. ರಾಜೇಂದ್ರ ಉಪಾಧ್ಯಕ್ಷ.

ಅಬ್ಬಿಕೇರಿಲಿ ಅವತ್ತು ಪಟಾಕಿ ಹೊಡೆದ್ರು. ಹಾರ ಹಾಕಿದ್ರು. ಸಂಜೆಗೆ ನನ್ನನ್ನ ಚೌಡಿ ಬನಕ್ಕೆ ಕರ್ಕಂಡು ಹೋದ್ರು. ಮುಂದೆ ನಿಂತವಳು ಕವನಾ, ನಮ್ಮ ಪಕ್ಕದ ಮನೆ ರವೀಶನ ಹೆಂಡ್ತಿ. ಕೇರಿಗೆ ಸೊಸೆಯಾಗಿ ಬಂದಾಗಿಂದ ನನ್ನ ಹಿಂದೇ ಓಡಾಡಿದೋಳು. ಘೋಷಣೆ ಕೂಗೋದು, ಪೊಲೀಸರ ಹತ್ರ ಮಾತಾಡೋದು ಎಲ್ಲ ನಾನೇ ಕಲಿಸಿದ್ದು. "ಅಧಿಕಾರ ಸಿಕ್ಕೋರನ್ನ ನಂಬಕ್ಕಾಗಲ್ಲ ವರದಕ್ಕ, ನಿಮ್ಮನ್ನೂ ಸೇರ್ಸಿ" ಅಂತ ನಗ್ತಾ ತೆಂಗಿನಕಾಯಿನ ನನ್ನ ಕೈಗೆ ಕೊಟ್ಟಳು. ಅಬ್ಬಿ ಉಳಿಯೋವರೆಗೆ ಕುರ್ಚಿ ಬಿಡಲ್ಲ ಅಂತ ಚೌಡಮ್ಮನ ಮುಂದೆ ಅದನ್ನ ಒಡೆದು ಮಾತು ಕೊಟ್ಟೆ. ನಮ್ಮಲ್ಲಿ ಬನದಲ್ಲಿ ಕೊಟ್ಟ ಮಾತನ್ನ ಕೊಟ್ಟೋರು ಒಬ್ರೇ ವಾಪಸ್ ತಗಳಂಗಿಲ್ಲ. ಮಾತು ಪಡೆದೋರೂ ಬರ್ಬೇಕು, ಎರಡೂ ಕಡೆಯೋರು ಸೇರಿ ಇನ್ನೊಂದು ಕಾಯಿ ಒಡೀಬೇಕು, ಆಗಲೇ ಬಿಡುಗಡೆ. ಕುರ್ಚಿ ಸಿಕ್ತು ಅಂದ್ರೆ ಕೆಲಸ ಆಯ್ತು ಅಂತ ಅವರೂ ತಿಳ್ಕಂಡಿದ್ರು, ನಾನೂ ತಿಳ್ಕಂಡಿದ್ದೆ. ಎಂಥ ಪೆದ್ದು ಜನ ನಾವು.

ಮೊದಲನೇ ಸಭೆಲೇ ರಾಜೇಂದ್ರ ಕಸದ ಘಟಕದ ವಿಷಯ ಎತ್ತಿದ. ಅವರ ಕಡೆಯ ಅಷ್ಟೂ ಕೈ ಮೇಲೆದ್ವು. ನಾನು ಹಳೇ ಅಭ್ಯಾಸದಲ್ಲಿ "ನಂದು ವಿರೋಧ ಇದೆ" ಅಂತ ಸೆರಗು ಸಿಕ್ಕಿಸ್ಕಂಡು ಬಾಗಿಲ ತನಕ ಹೋಗೇಬಿಟ್ಟೆ. ಆಗ ಪಿಡಿಒ ಹಿಂದಿನಿಂದ ಮೆತ್ತಗೆ, "ಮೇಡಂ, ತಾವು ಹೋದ್ರೆ ಉಪಾಧ್ಯಕ್ಷರು ಆ ಜಾಗಕ್ಕೆ ಕೂರ್ತಾರೆ" ಅಂದ್ರು. ನಿಂತೆ. ವಾಪಸ್ ಬಂದು ಕೂತೆ. ಸಭೆ ಪೂರ್ತಿ ನಕ್ಕಿತು, ನಮ್ಮ ಕಡೆಯ ಮೂರು ಜನಾನೂ ಸೇರ್ಸಿ.

ನಿರ್ಣಯಕ್ಕೆ ಸಹಿ ಹಾಕಲ್ಲ ಅಂದೆ. ಪಿಡಿಒ ಒಳ್ಳೇ ಮನುಷ್ಯ, ಬಿಡಿಸಿ ಹೇಳಿದ್ರು. ಬಹುಮತದ ನಿರ್ಣಯಕ್ಕೆ ಸಹಿ ಹಾಕದಿದ್ರೆ ಕರ್ತವ್ಯಲೋಪ ಅಂತ ಮೇಲಕ್ಕೆ ಹೋಗುತ್ತೆ, ನನ್ನನ್ನ ಇಳಿಸ್ತಾರೆ, ಪ್ರಭಾರ ರಾಜೇಂದ್ರಂಗೆ. ಅಲ್ಲಿಗೆ ಕುರ್ಚಿನೂ ಹೋಯ್ತು, ಅಬ್ಬಿನೂ ಹೋಯ್ತು, ಚೌಡಿ ಮುಂದೆ ಕೊಟ್ಟ ಮಾತೂ ಹೋಯ್ತು. "ನಿಧಾನಕ್ಕೆ ಯೋಚ್ನೆ ಮಾಡಿ ವರದಕ್ಕ, ನಂಗೇನೂ ಅರ್ಜೆಂಟಿಲ್ಲ" ಅಂತ ರಾಜೇಂದ್ರ ನಂಗೆ ಟೀ ತರಿಸಿದ. ಇಷ್ಟು ವರ್ಷ ಹೊರಗೆ ಕೂತು ಕುಡಿದ ಅದೇ ಹೋಟೆಲಿನ ಟೀ. ಅಡಕತ್ತರಿಗೆ ಸಿಕ್ಕ ಅಡಿಕೆ ಅಂತಾರಲ, ಹಂಗಾಗಿತ್ತು ನನ್ನ ಪಾಡು. ಸಹಿ ಹಾಕಿದೆ.

ನಾನು ಮನೆಗೆ ಬರೋದ್ರೊಳಗೆ ಸುದ್ದಿ ಬಂದು ಕೂತಿತ್ತು. ನಲ್ಲಿ ಹತ್ರ ಇದ್ದ ಹೆಂಗಸರು ನನ್ನ ನೋಡಿ ಮಾತು ನಿಲ್ಲಿಸಿದ್ರು. ಹಾರ ಹಾಕಿದ ಕೈಗಳೇ ಅವು. ನಿಮಗೆ ಗೊತ್ತೇನ್ರೇ ನನ್ನ ಕಷ್ಟ ಅಂತ ಬೈಬೇಕು ಅನ್ಸ್ತು, ಸೀದಾ ಮನೆಗೆ ನಡೆದೆ. ಮನೇಲಿ ಹೂವಪ್ಪ, "ಇಳಿದ್ರೆ ಚೌಡಿ, ಕೂತ್ರೆ ಕಸ. ಒಳ್ಳೇ ಜಾಗ ಹುಡುಕಿ ಕೂತಿದೀಯ ಮಾರಾಯ್ತಿ" ಅಂದ್ರು. ಆಮೇಲೆ ಅವರು ನನ್ನ ಹತ್ರ ತಮಾಷೆ ಮಾಡೋದನ್ನೇ ಬಿಟ್ರು.

ವಾರ ಕಳೆದ್ರೂ ನಿದ್ದೆ ಹತ್ತಲಿಲ್ಲ. ಚೌಡಿ ಏನು ಬೇಕಾದ್ರೂ ಮಾಡ್ಲಿ ಅಂತ ರಾಜೀನಾಮೆ ಬರೆದು ಬ್ಯಾಗಿಗೆ ಹಾಕ್ಕಂಡು, ಹೊಸನಗರದಲ್ಲಿ ಬಸ್ ಬದಲಿಸಿ ಸಾಗರಕ್ಕೆ ಹೋದೆ. ಎ.ಸಿ. ಆಫೀಸಿನ ಜಗಲಿಲಿ ನಾನು ನೆಲದ ಮೇಲೆ ಕೂತೇ ಗೊತ್ತು. ಈಗ ಜವಾನ "ಅಧ್ಯಕ್ಷರು ಬಂದ್ರು" ಅಂತ ಕುರ್ಚಿ ಹಾಕಿದ, ಫ್ಯಾನು ತಿರುಗಿಸಿದ. ಒಳಗೆ ಕರೆದ್ರು. ಸಾಹೇಬ್ರು ಏನು ವಿಷಯ ಅಂದ್ರು. ಬ್ಯಾಗಿಗೆ ಕೈ ಹಾಕಿದೆ, ಕಾಗದ ಸಿಕ್ತು, ಕೈ ಮೇಲಕ್ಕೆ ಬರ್ಲಿಲ್ಲ. ಹೆದರಿಕೆನೂ ಹೌದು, ಮರ್ಯಾದೆ ಪ್ರಶ್ನೆನೂ ಹೌದು. ಕೊಟ್ಟು ಬಂದ್ರೆ ನಾಳೆ ಬೆಳಿಗ್ಗೆನೇ ಆ ಕುರ್ಚಿಲಿ ರಾಜೇಂದ್ರ ಕೂತಿರ್ತಾನೆ. "ನಮ್ಮೂರ ಬಸ್ಸು ಸರಿಯಾಗಿ ಬರ್ತಿಲ್ಲ ಸಾರ್" ಅಂತ ಏನೋ ಒಂದು ಹೇಳಿ ಎದ್ದು ಬಂದೆ. ವಾಪಸ್ ಬರ್ತಾ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಆಮೇಲೆ ಗುಡ್ಡದ ಮೇಲೆ ಗುದ್ದಲಿ ಪೂಜೆಗೆ ದಿನ ಇಟ್ರು. ಗುದ್ದಲಿನ ನನ್ನ ಕೈಯಲ್ಲೇ ಹಿಡಿಸ್ಬೇಕು ಅಂತ ರಾಜೇಂದ್ರನ ಲೆಕ್ಕ. "ನಿಮ್ಮೋರು ನಮ್ಮನ್ನ ತಡೀಬಹುದು, ನಿಮ್ಮನ್ನ ತಡೀತಾರಾ?" ಅಂತ ಜೀಪಲ್ಲಿ ನನ್ನ ಪಕ್ಕನೇ ಕೂತು ಹೇಳಿದ. ಹಿಂದೆ ಜೆಸಿಬಿ, ಅದರ ಹಿಂದೆ ಪೊಲೀಸ್ ಜೀಪು.

ತಿರುವಿನಲ್ಲಿ ಕೇರಿಯೋರು ರಸ್ತೆಗೆ ಅಡ್ಡ ಕೂತಿದ್ರು. ಹೆಂಗಸರು ಮುಂದೆ, ಖಾಲಿ ಕೊಡ ಅವರ ಮುಂದೆ, ಗಂಡಸರು ಹಿಂದೆ. ಪೊಲೀಸರು ಹೆಂಗಸರನ್ನ ಮುಟ್ಟಕ್ಕೆ ಹಿಂಜರೀತಾರೆ ಅಂತ ನಾನು ಹೇಳ್ಕೊಟ್ಟಂಗೇ ಕೂತಿದ್ರು. ಕವನಾ ಎದ್ದು ನಿಂತು "ಮಾತಿಗೆ ತಪ್ಪಿದ ಅಧ್ಯಕ್ಷೆಗೆ" ಅಂದಳು. "ಧಿಕ್ಕಾರ" ಅಂತ ಗುಡ್ಡಕ್ಕೆ ಗುಡ್ಡವೇ ಕೂಗಿತು. ಎದೆಗೆ ಒದ್ದಂಗಾಯ್ತು. ಸುಳ್ಳು ಯಾಕೆ ಹೇಳ್ಲಿ, ಎಷ್ಟು ಚೆಂದ ಕೂಗ್ತಾಳೆ ಈ ಹುಡುಗಿ ಅಂತಲೂ ಅನ್ಸ್ತು.

ಜೀಪಿಂದ ಇಳಿದು ನಾನೊಬ್ಬಳೇ ಅವಳ ಹತ್ರ ಹೋದೆ. ಮಿಕ್ಕೋರು ಇನ್ನೂ ಕೂಗ್ತಿದ್ರು, ನಮ್ಮ ಮಾತು ಯಾರಿಗೂ ಕೇಳ್ತಿರಲಿಲ್ಲ.

"ಈಗ್ಲೇ ಬನಕ್ಕೆ ನಡಿ ಕವನಾ. ಕಾಯಿ ಒಡೆದು ನನ್ನ ಬಿಟ್ಬಿಡು. ರಾಜೀನಾಮೆ ಕೊಟ್ಟು ನಿಮ್ಮ ಜೊತೆ ಇಲ್ಲೇ ಕೂರ್ತೀನಿ."

ಅವಳು ಮುಖ ಗಂಟು ಹಾಕ್ಕಂಡೇ ಮಾತಾಡಿದಳು, ದೂರದಿಂದ ನೋಡೋರಿಗೆ ಬೈತಿದಾಳೆ ಅನ್ನಂಗೆ. "ಕೂರಕ್ಕೆ ನಾವು ಇಷ್ಟು ಜನ ಇದೀವಿ ವರದಕ್ಕ. ಬೈಸ್ಕಳಕ್ಕೆ ನೀವೊಬ್ರೇ ಇರೋದು. ಪೂಜೆ ಮುಂದಕ್ಕೆ ಹಾಕೋ ಅಧಿಕಾರ ಅಧ್ಯಕ್ಷರಿಗಿದೆ ತಾನೆ? ರಾಜೇಂದ್ರಣ್ಣ ಆ ಕುರ್ಚಿಲಿದ್ರೆ ಇಷ್ಟೊತ್ತಿಗೆ ನಮ್ಮನ್ನ ವ್ಯಾನಿಗೆ ತುಂಬಿಸ್ತಿದ್ದ. ನೀವು ಬರ್ತಾ ಇರಿ, ನಾವು ತಡೀತಾ ಇರ್ತೀವಿ."

"ಹಂಗಾದ್ರೆ ಕೇರಿಯೋರಿಗೆ ಇದನ್ನ ಹೇಳು ಮಾರಾಯ್ತಿ."

"ಹೇಳಿದ್ರೆ ನಾಳೆಗೆ ಪೇಟೆ ಪೂರ್ತಿ ಗೊತ್ತಾಗುತ್ತೆ. ಇಬ್ರೂ ಸೇರಿ ನಾಟಕ ಆಡ್ತಿದಾರೆ ಅಂತ ನಿಮ್ಮನ್ನ ಇಳಿಸ್ತಾರೆ. ಬೇಡ. ಯಾರಿಗೂ ಬೇಡ, ಹೂವಪ್ಪಣ್ಣಂಗೂ ಬೇಡ." ಅಷ್ಟು ಹೇಳಿ ಅವಳು ತಿರುಗಿ, ಇನ್ನೊಂದು ಸಲ ನನ್ನ ಹೆಸರು ಹಿಡಿದೇ ಧಿಕ್ಕಾರ ಕೂಗಿಸಿದಳು.

ಎಸ್‌ಐ ಹತ್ರ ಹೋಗಿ, "ಜನ ಕೋಪದಲ್ಲಿದಾರೆ, ಬಲ ಉಪಯೋಗಿಸಬೇಡಿ, ಪೂಜೆ ಮುಂದಕ್ಕೆ ಹಾಕಿದೀನಿ" ಅಂದೆ. ಅವರಿಗೂ ಅದೇ ಬೇಕಿತ್ತು. ಜೆಸಿಬಿ ಹಿಂದೆ ಹೋಯ್ತು. ರಾಜೇಂದ್ರ ಹಲ್ಲು ಕಡೀತಾ "ಎಷ್ಟು ಸಲ ಮುಂದೆ ಹಾಕ್ತೀರಿ?" ಅಂದ. "ನಾನು ಬರಲ್ಲ ಅಂದ್ನೇನೋ? ಕರೆದಾಗೆಲ್ಲ ಬರ್ತೀನಿ" ಅಂದೆ.

ಹಂಗೇ ಹೋಗ್ತಿದೀನಿ. ಅವರು ದಿನ ಇಡ್ತಾರೆ, ನಾನು ಜೀಪು ಹತ್ತುತೀನಿ, ಕೇರಿಯೋರು ಅಡ್ಡ ಕೂರ್ತಾರೆ, ನಾನು ಬೈಸ್ಕಂಡು ವಾಪಸ್ ಬರ್ತೀನಿ. ಒರತೆ ಮೇಲೆ ಇವತ್ತಿನವರೆಗೆ ಒಂದು ಬುಟ್ಟಿ ಕಸ ಬಿದ್ದಿಲ್ಲ. ಬೈಗುಳ ಮಾತ್ರ ಸಲದಿಂದ ಸಲಕ್ಕೆ ಜೋರಾಗ್ತಿದೆ. ಕಳೆದ ಸಲ ಒಬ್ಬಳು ಮುದುಕಿ, ನನ್ನ ಜೊತೆ ಹೊಸನಗರದ ಸ್ಟೇಷನ್ನಿನಲ್ಲಿ ಕೂತೋಳು, ನನ್ನ ಕಾಲ ಬುಡಕ್ಕೆ ಉಗಿದಳು. ನಿಮ್ಮ ಹತ್ರ ಹೇಳಿದೀನಿ, ನಮ್ಮ ಕೇರಿಲಿ ಮಾತ್ರ ಬಾಯಿ ಬಿಡಬೇಡಿ.

ಮೊನ್ನೆ ಕವನಾಗೆ ಸೀಮಂತ ಆಯ್ತು. ಕೇರಿಯ ಎಲ್ಲರಿಗೂ ಹೇಳಿದ್ಲು, ನಮ್ಮನೆಯವರಿಗೂ ಹೇಳಿದ್ಲು, ನನ್ನೊಬ್ಬಳನ್ನ ಬಿಟ್ಟು. ಕರೆದಿದ್ರೆ ಕೆಡ್ತಿತ್ತು ಅಂತ ನಂಗೂ ಗೊತ್ತು. ಗೊತ್ತಿದ್ರೂ ಬೆಳಿಗ್ಗೆಯಿಂದ ಒಳ್ಳೇ ಸೀರೆ ಉಟ್ಕಂಡು ಕೂತಿದ್ದೆ. ಪಕ್ಕದ ಮನೇಲಿ ಆರತಿ ಹಾಡು ಶುರುವಾಯ್ತು. ಆ ಹುಡುಗಿಗೆ ಬಳೆ ತೊಡಿಸಕ್ಕೆ ಹೆತ್ತ ತಾಯಿಯೂ ಇಲ್ಲ. ನಾನೇ ತೊಡಿಸ್ತೀನಿ ಅಂತ ಯಾವಾಗ್ಲೋ ಹೇಳಿದ್ದೆ.

ಹೂವಪ್ಪ ಅಂಗಳದಿಂದ ಒಳಗೆ ಬಂದು ನನ್ನ ಸೀರೆ ನೋಡಿದ್ರು. "ನಿನ್ನ ಕರೀಲಿಲ್ವಾ?" ಅಂದ್ರು.

ಹೇಳಿಬಿಡಣ ಅನ್ಸ್ತು. ಈ ಒಬ್ಬರಿಗಾದ್ರೂ ಗೊತ್ತಿರ್ಲಿ ಅಂತ ಬಾಯಿ ತೆಗೆದೆ. ಆದ್ರೆ ಇವರ ಹೊಟ್ಟೇಲಿ ಮಾತು ನಿಲ್ಲಲ್ಲ, ಸಂಜೆಯೊಳಗೆ ಯಾರ ಹತ್ರನಾದ್ರೂ ನನ್ನ ಪರ ಜಗಳ ಆಡಿ ಹೇಳಿಬಿಡ್ತಾರೆ.

"ಯಾಕೆ ಕರೀಬೇಕು?" ಅಂದೆ. "ಕೇರಿಯ ನೀರಿಗೆ ಕಸ ಹಾಕಕ್ಕೆ ಸಹಿ ಮಾಡಿದೋಳನ್ನ?"

ನನ್ನ ಗಂಡ "ಅದೂ ಹೌದು" ಅಂದು, ಶಾಲು ಹೆಗಲಿಗೆ ಹಾಕ್ಕಂಡು, ಪಕ್ಕದ ಮನೆ ಊಟಕ್ಕೆ ಹೋದ್ರು.