ಗಾಡಿಯ ಬಾಯಿ

ನೀಲಿ ನೈಲಾನ್ ಹಗ್ಗದ ಮೇಲೆ ಐದು ಬಿಳಿಯ ಕರವಸ್ತ್ರಗಳು. ಗಾಳಿಯಿಲ್ಲ, ಆದ್ದರಿಂದ ಅವು ಅಲುಗುವುದಿಲ್ಲ. ಪ್ರತಿಯೊಂದರ ನಟ್ಟನಡುವೆ ಒಂದು ಕಪ್ಪು ವೃತ್ತ, ಅಂಗೈಯಗಲ, ಅಂಚು ಕದಡಿದ್ದು. ಹುಣ್ಣಿಮೆಯ ಚಂದ್ರನಿಗೆ ಯಾರೋ ಮಸಿ ಬಳಿದು ಒಣಗಲು ಹಾಕಿದ ಹಾಗೆ. ಪ್ರತಿ ವೃತ್ತದ ಕೆಳಗೂ ಬಾಲ್‌ಪೆನ್ನಿನ ಓರೆ ಅಕ್ಷರಗಳಲ್ಲಿ ಒಂದೊಂದು ವಾರದ ಹೆಸರು: ಆದಿತ್ಯವಾರದಿಂದ ಗುರುವಾರದವರೆಗೆ. ಹಗ್ಗದ ಒಂದು ತುದಿ ಪಪ್ಪಾಯಿ ಗಿಡಕ್ಕೆ, ಇನ್ನೊಂದು ಕಿಟಕಿಯ ಸರಳಿಗೆ. ಅದರ ಕೆಳಗೆ, ಗೋಡೆಗೆ ಮುಖ ಮಾಡಿ ನಿಂತ ಬಿಳಿಯ ಡೀಸೆಲ್ ವ್ಯಾನು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಂಪರಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ. ಹಿಂಭಾಗದಲ್ಲಿ ಮಾತ್ರ, ಹೊಗೆಯ ಕೊಳವೆಯ ಸುತ್ತ, ಕಟ್ಟಿಗೆಯ ಒಲೆಯ ಹಿಂದಿನ ಗೋಡೆಯಂಥ ಮಸಿ. ಗುರುವಾರದ ವೃತ್ತ ಆದಿತ್ಯವಾರದ್ದಕ್ಕಿಂತ ಒಂದು ಎಳ್ಳಿನಷ್ಟೂ ತಿಳಿಯಾಗಿರಲಿಲ್ಲ.

ಸಂಗಣ್ಣ ಹೊಸ್ತಿಲ ಮೇಲೆ ಕೂತು ಶುಕ್ರವಾರದ ಮೊದಲ ಬೆಳಕಿನಲ್ಲಿ ಇದನ್ನೇ ನೋಡುತ್ತಿದ್ದ.

"ಸಾಹೇಬ್ರ ದಸ್ತಿ ಮುಗದ್ರ ಮುಂದ ಶೋಭಕ್ಕನ ಸೀರಿ ಏನ್ರಿ?" ಎಂದಳು ಹೆಂಡತಿ ಗುರುದೇವಿ, ಚಹಾದ ಲೋಟ ಕೈಗಿಡುತ್ತ.

ಸಾಹೇಬರೆಂದರೆ ಎದುರುಮನೆಯ ರಾಮದಾಸರು. ಮೈಸೂರಿನ ಕಡೆಯವರು, ಲಿಂಗಂಪಲ್ಲಿಯ ಬಳಿಯ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಬಾಯ್ಲರುಗಳ ಸಹವಾಸ ಮಾಡಿ ನಿವೃತ್ತರಾದವರು. ದಿನಕ್ಕೊಂದು ಕರವಸ್ತ್ರವನ್ನು ಹೊಗೆಯ ಕೊಳವೆಗೆ ಕಟ್ಟಿ, ನೂರು ಎಣಿಸಿ ಬಿಚ್ಚುವ ಪರೀಕ್ಷೆ ಅವರದೇ ಶೋಧ. ಅವರ ಹೆಂಡತಿ ಶೋಭಾ ಆ ಮನೆಯಿಂದ ಈ ಹಗ್ಗವನ್ನು ನೋಡುವ ನೋಟದಲ್ಲಿ ಮಾತ್ರ ವಿಜ್ಞಾನದ ಬಗ್ಗೆ ಯಾವ ಗೌರವವೂ ಇರಲಿಲ್ಲ.

ಆ ತೆಲುಗು ನಗರದಲ್ಲಿ ಗಾಜಿನ ಕಟ್ಟಡಗಳು ತಿಂಗಳಿಗೊಂದರಂತೆ ಆಕಾಶಕ್ಕೆ ಏಳುತ್ತಿದ್ದ ವರ್ಷಗಳು ಅವು. ಆಳಂದದ ಕಡೆಯಿಂದ ಬಂದ ಸಂಗಣ್ಣ ಅಂಥ ಕಟ್ಟಡಗಳಿಗೆ ಮೊದಲು ತಲೆಯ ಮೇಲೆ ಉಸುಕು ಹೊತ್ತಿದ್ದ. ಈಗ ಅವುಗಳೊಳಗೆ ಕೂತು ಕೆಲಸ ಮಾಡುವ ಹನ್ನೊಂದು ಜನರನ್ನು ದಿನವೂ ತನ್ನ ವ್ಯಾನಿನಲ್ಲಿ ಹೊತ್ತು ಒಯ್ಯುತ್ತಿದ್ದ. ಉಸುಕು ಹೊರುವಾಗ ಹಿಂಬಾಗಿಲಿನಿಂದ ಹೋಗುತ್ತಿದ್ದವನಿಗೆ ಈಗ ಮುಂಬಾಗಿಲಿನ ಕಾವಲುಗಾರ ಸಲಾಮು ಹೊಡೆಯುತ್ತಿದ್ದ. ಆ ಸಲಾಮಿಗೇ ಈಗ ಕುತ್ತು ಬಂದಿತ್ತು.

ಎರಡು ವಾರದ ಹಿಂದೆ ಕಂಪನಿಗೆ ಪರದೇಶದ ಅತಿಥಿಗಳು ಬಂದಿದ್ದರು. ಅವರ ಕೈಗೆ ಹೂಗುಚ್ಛ ಕೊಡುವ ಘಳಿಗೆಗೆ ಸರಿಯಾಗಿ ಸಂಗಣ್ಣ ಗಾಡಿ ಚಾಲೂ ಮಾಡಿದ. ಕಪ್ಪು ಮೋಡವೊಂದು ಮೆಲ್ಲನೆ, ಯಾವ ಅವಸರವೂ ಇಲ್ಲದೆ, ಹೂವು, ಅತಿಥಿ, ಹಿತ್ತಾಳೆಯ ನಾಮಫಲಕ ಎಲ್ಲವನ್ನೂ ಆಲಿಂಗಿಸಿತು. ಅತಿಥಿಗಳು ಕೆಮ್ಮುತ್ತಲೇ ಸತ್ಕಾರವನ್ನು ಹೊಗಳಿದರಂತೆ. ಗಾಡಿಗಳ ಮೇಲ್ವಿಚಾರಕ ಸಾಯಿಕುಮಾರ ಮಾತ್ರ ಹೊಗಳಲಿಲ್ಲ. ಈ ಶನಿವಾರ ಹತ್ತು ಗಂಟೆಗೆ ಗೇಟಿನಲ್ಲಿ ಯಂತ್ರವಿಟ್ಟು ಹೊಗೆಯ ಪರೀಕ್ಷೆ ಮಾಡುವುದಾಗಿಯೂ, ಪಾಸಾಗದಿದ್ದರೆ ಸೋಮವಾರದಿಂದ ಆ ಗಾಡಿ ಗೇಟು ದಾಟುವಂತಿಲ್ಲವೆಂದೂ ತೆಲುಗಿನಲ್ಲಿ ಹೇಳಿ, ಅರ್ಥವಾಗದೆ ಹೋದೀತೆಂದು ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದ. ಸಂಗಣ್ಣನಿಗೆ ಎರಡೂ ಭಾಷೆಯಲ್ಲಿ ಅರ್ಥವಾಯಿತು.

ಹೊಗೆ ಶುರುವಾಗಿ ಮೂರು ತಿಂಗಳಾಗಿತ್ತು. ಲೀಟರಿಗೆ ಹನ್ನೊಂದು ಕಿಲೋಮೀಟರು ಓಡುತ್ತಿದ್ದ ಗಾಡಿ ಏಳೂವರೆಗೆ ಇಳಿದಿತ್ತು. ಪಟಾನ್‌ಚೆರು ರಸ್ತೆಯ ಮೆಕ್ಯಾನಿಕ್ಕು ಗಾಳಿ ಸೋಸುವ ಡಬ್ಬಿಯನ್ನು ಬಿಚ್ಚಿ ನೋಡಿ, ಇಷ್ಟು ಸ್ವಚ್ಛವಾದ ಜಾಳಿಗೆಯನ್ನು ತಾನು ಆ ರಸ್ತೆಯಲ್ಲಿ ಕಂಡೇ ಇಲ್ಲವೆಂದು ಶಹಬ್ಬಾಸ್ ಹೇಳಿ ಮುಚ್ಚಿದ್ದ. ಆ ಸ್ವಚ್ಛತೆಯನ್ನೇ ಯಾರಾದರೂ ಅನುಮಾನಿಸಬೇಕಿತ್ತು.

ಆಗ ರಾಮದಾಸರು ತಾವಾಗಿಯೇ ಕೈಹಾಕಿದರು.

"ನೋಡಯ್ಯಾ ಸಂಗಣ್ಣ, ಕರಿ ಹೊಗೆ ಅಂದರೆ ಉರಿಯದೆ ಉಳಿದ ಎಣ್ಣೆ. ನಿನ್ನ ಗಾಡಿ ತಿಂದದ್ದನ್ನ ಅರಗಿಸಿಕೊಳ್ಳದೆ ಊರಿನ ಮುಖಕ್ಕೆ ತೇಗ್ತಾ ಇದೆ."

"ತೇಗಲಿ ಬಿಡ್ರಿ ಸಾಹೇಬ್ರ. ನನ್ನ ಹೊಟ್ಟಿ ಮ್ಯಾಲೆ ಬರದಿದ್ರ ಸಾಕು."

ಮೊದಲು ಟೈರುಗಳಿಗೆ ಗಾಳಿ ತುಂಬಿಸಿದ್ದಾಯಿತು. ಆಮೇಲೆ ವೇಗ ನಲವತ್ತೈದನ್ನು ಮೀರಬಾರದೆಂಬ ಕಟ್ಟಳೆ. ಮಿಯಾಪುರದ ಬಳಿ ಮೊಸರು ಮಾರುವವನ ಸೈಕಲ್ಲು ವ್ಯಾನನ್ನು ಹಿಂದೆ ಹಾಕಿತು. ಆಮೇಲೆ ಭಾರ ಇಳಿಸಬೇಕೆಂದು ಸಲಕರಣೆಯ ಪೆಟ್ಟಿಗೆ, ಜಾಕು, ಸ್ಟೆಪ್ನಿ ಮೂರೂ ಮನೆಯಲ್ಲಿ ಉಳಿದವು, ಅವತ್ತೇ ಪಂಚರಾಯಿತು. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಬೇಕೆಂಬುದು ಬುಧವಾರದ ಸೂತ್ರ. ಆರಿಸಿದ, ಮತ್ತೆ ಹೊತ್ತಲಿಲ್ಲ. ಹನ್ನೊಂದು ಜನ ಎಂಜಿನಿಯರುಗಳು ಕೊರಳಿನ ಗುರುತಿನ ಚೀಟಿಗಳನ್ನು ಬೆನ್ನಿಗೆ ಹಾಕಿಕೊಂಡು ಚೌರಸ್ತಾದಲ್ಲಿ ವ್ಯಾನು ತಳ್ಳಿದರು.

"ಕ್ಯಾ ಮಿಯಾ, ಸಾಫ್ಟ್‌ವೇರ್ ಪೆ ಚಲ್ತೀ ಕ್ಯಾ ಗಾಡಿ?" ಎಂದು, ಗಾಡಿ ಡೀಸೆಲ್ಲಿನ ಬದಲು ಸಾಫ್ಟ್‌ವೇರಿನ ಮೇಲೆ ಓಡುತ್ತದೇನೋ ಎಂಬಂತೆ, ಆಟೋದವನೊಬ್ಬ ಕೂಗಿಹೋದ.

ತಳ್ಳಿದವರಲ್ಲಿ ಲಹರಿ ಎಂಬ ಹುಡುಗಿ ಕಾರ್ಖಾನೆಯ ಕಾಲೋನಿಯಲ್ಲಿ ಬೆಳೆದ ಕನ್ನಡದವಳು. ಅವಳು ಕಂಪ್ಯೂಟರಿನಲ್ಲಿ ಗಾಡಿಯ ಮೈಲೇಜಿನ ಬಣ್ಣಬಣ್ಣದ ನಕ್ಷೆಯೊಂದನ್ನು ತೆಗೆದು ತಂದಿದ್ದಳು. "ಅಣ್ಣಾ, ರಾಮದಾಸ್ ಅಂಕಲ್ ಒಂದೊಂದು ಸುಧಾರಣೆ ಮಾಡಿದಾಗಲೂ ಗೆರೆ ಒಂದೊಂದು ಮೆಟ್ಟಿಲು ಇಳಿದಿದೆ ನೋಡಿ. ಇನ್ನೆರಡು ಸುಧಾರಣೆ ಆದರೆ ನಾವು ನಡೆದೇ ಹೋಗಬಹುದು."

ಸಂಗಣ್ಣ ಆ ನಕ್ಷೆಯನ್ನು ಸಾಹೇಬರಿಗೆ ತೋರಿಸಲಿಲ್ಲ. ಮಡಿಚಿ, ದೇವರ ಪಟದ ಹಿಂದೆ ಇಟ್ಟ.

ಆ ಶುಕ್ರವಾರವೇ ಮಧ್ಯಾಹ್ನ ಅವನ ಅಕ್ಕ ಸುಗಲಮ್ಮ ಊರಿನಿಂದ ಬಂದಿಳಿದಳು; ಮರುದಿನ ಅಮಾವಾಸ್ಯೆ, ಗಾಡಿಯ ಪೂಜೆ. ಸುಗಲಮ್ಮ ಅಕ್ಕನೂ ಹೌದು, ಅತ್ತೆಯೂ ಹೌದು. ಅವಳ ಮಗಳೇ ಗುರುದೇವಿ. ಹೆಂಡತಿಯ ಮೇಲಿನ ದೂರನ್ನು ಅಕ್ಕನಿಗೂ, ಅತ್ತೆಯ ಮೇಲಿನ ದೂರನ್ನು ಹೆಂಡತಿಗೂ ಹೇಳಿಕೊಳ್ಳುವ ಭಾಗ್ಯ ಸಂಗಣ್ಣನಿಗೆ ಇರಲಿಲ್ಲ. ಹಿಂದೆ, ಮೂರು ಅಮಾವಾಸ್ಯೆಗಳ ಕೆಳಗೆ ಅವಳು ಬಂದಿದ್ದಾಗ, ಗಾಡಿ ಕೊಂಡ ಹೊಸ ಹುರುಪಿನಲ್ಲಿ ಬಾನೆಟ್ಟು ಎತ್ತಿ, ಇದು ಕಣ್ಣು, ಇದು ಹೊಟ್ಟೆ, ಇದು ಬಾಯಿ ಎಂದು ಅವಳಿಗೆ ಒಂದೊಂದೇ ಅಂಗವನ್ನು ಪರಿಚಯ ಮಾಡಿಕೊಟ್ಟಿದ್ದ. ಅವಳು ಭಕ್ತಿಯಿಂದ ಕೇಳಿಸಿಕೊಂಡಿದ್ದಳು.

ಸಂಜೆ ಐದೂವರೆಗೆ ರಾಮದಾಸರು ಆರನೆಯ ಕರವಸ್ತ್ರದೊಂದಿಗೆ ಬಂದರು. ಅದರ ಮೂಲೆಯಲ್ಲಿ ಕಸೂತಿಯ ಗುಲಾಬಿ ಇತ್ತು. ಮನೆಯ ದಾಸ್ತಾನು ಎಲ್ಲಿಗೆ ಬಂತೆಂಬುದು ಅದರಿಂದಲೇ ತಿಳಿಯುತ್ತಿತ್ತು. ಸಂಗಣ್ಣ ಎಂಜಿನ್ ಚಾಲೂ ಮಾಡಿ ಸೀಟಿನಲ್ಲಿ ಕೂತ. ಮುದುಕರು ಬಾನೆಟ್ಟು ಎತ್ತಿ, ಏನನ್ನೋ ಮುಟ್ಟಿ, ಕೈಗೆ ಹತ್ತಿದ ಎಣ್ಣೆಯನ್ನು ಅಂಗಿಗೆ ಒರೆಸಿಕೊಳ್ಳಲೆಂದು ಕರವಸ್ತ್ರವನ್ನು ಒಂದು ಕ್ಷಣ ದಪ್ಪ ರಬ್ಬರು ಕೊಳವೆಯ ತೆರೆದ ತುದಿಯ ಮೇಲೆ ಇಟ್ಟರು. ಇಟ್ಟವರು ಹಾಗೆಯೇ ನಿಂತರು.

"ಸಂಗಣ್ಣ, ಎಂಜಿನ್ ಓಡ್ತಾ ಇದೆಯೇನಯ್ಯಾ?"

"ಇಡೀ ಓಣಿಗೆ ಕೇಳಾಕತ್ತೈತಿ, ನಿಮಗ ಕೇಳವಲ್ದೇನ್ರಿ?"

"ಹಾಗಾದರೆ ಇದು ನನ್ನ ಕರವಸ್ತ್ರವನ್ನ ಯಾಕೆ ನುಂಗಲಿಲ್ಲ?"

ಎಂಜಿನ್ನಿನೊಳಕ್ಕೆ ಗಾಳಿಯನ್ನು ಸೆಳೆಯಬೇಕಾದ ಕೊಳವೆ ಅದು. ಅದರ ತುದಿಯಲ್ಲಿ ಗುಲಾಬಿಯ ಕರವಸ್ತ್ರ, ನಿದ್ದೆಹೋದ ಮಗುವಿನ ಎದೆಯ ಮೇಲಿನ ಹೊದಿಕೆಯಂತೆ, ಅಷ್ಟಿಷ್ಟು ನಡುಗುತ್ತ ಮಲಗಿತ್ತು. ಸಂಗಣ್ಣ ಎಂಜಿನ್ ಆರಿಸಿ ಇಳಿದ. ಗುರುದೇವಿ ಒಲೆಯ ಬಳಿಯಿಂದ ಇಕ್ಕಳ ತಂದುಕೊಟ್ಟಳು. ಕೊಳವೆಯ ತಿರುವಿನಲ್ಲಿ ಏನೋ ಮೆತ್ತಗಿನದು ಸಿಕ್ಕಿತು, ಎಳೆದ. ಮುಷ್ಟಿಗಾತ್ರದ ಬಟ್ಟೆಯ ಗಂಟು. ಒಂದು ಕಾಲಕ್ಕೆ ಕಾವಿಯದಾಗಿದ್ದದ್ದು ಈಗ ರಸ್ತೆಯ ಅಷ್ಟೂ ಧೂಳನ್ನು ಕುಡಿದು ಇದ್ದಿಲಾಗಿತ್ತು. ಬಿಚ್ಚಿದರೆ ಒಳಗೆ ವಿಭೂತಿಯ ಉಂಡೆ, ಒಂದು ಒಣ ಬಿಲ್ವದೆಲೆ.

ಯಾರೂ ಕೇಳುವ ಮೊದಲೇ ಬಾಗಿಲಲ್ಲಿದ್ದ ಸುಗಲಮ್ಮ ಕೈಮುಗಿದಳು.

"ಎಪ್ಪಾ! ನೋಡ್ರಿ ಎಷ್ಟು ದೃಷ್ಟಿ ಹೀರೈತಿ! ಕಾವಿ ಇದ್ದದ್ದು ಕರ್ರಗಾಗೈತಿ. ಇದಿಲ್ಲಂದ್ರ ಈ ಊರಿನ ಮಂದಿ ಕಣ್ಣಿಗೆ ಗಾಡಿ ಯಾವಾಗೋ ಸುಟ್ಟುಹೋಗ್ತಿತ್ತು."

"ಅಕ್ಕಾ, ಇದನ್ನ ನೀ ಇಟ್ಟಿಯಾ?"

"ಮತ್ಯಾರಿಡ್ತಾರ? ಇದು ಬಾಯಿ ಅಂತ ನೀನ ತೋರಿಸಿದ್ಯಲ್ಲೋ ಸಂಗ್ಯಾ. ಕೆಟ್ಟದ್ದು ಒಳಗ ಹೋಗೂದು ಬಾಯಿಲೇನ. ಬರಿಗಾಲಿಲೆ ಮಠಕ್ಕ ನಡದು ತಂದೀನಿ. ಈಗ ಇದು ತುಂಬೈತಿ. ಹೊಸಾದು ತಂದೀನಿ, ನಾಳಿ ಪೂಜಿ ಮಾಡಿ ಇಡೂಣು."

ರಾಮದಾಸರು ಗಾಳಿ ಮತ್ತು ಎಣ್ಣೆಯ ಪ್ರಮಾಣವನ್ನು ವಿವರಿಸಲು ಒಂದು ಬೆರಳೆತ್ತಿದರು. ಸಂಗಣ್ಣ ಆ ಬೆರಳನ್ನು ಮೆಲ್ಲನೆ ಹಿಡಿದು ಕೆಳಗಿಳಿಸಿದ. ಅಮಾವಾಸ್ಯೆಯ ದಿನ ಹತ್ತು ಗಂಟೆಗೆ ಪರೀಕ್ಷೆ, ಎಂಟು ಗಂಟೆಗೆ ಪೂಜೆ. ತಾಯಿ ಸತ್ತ ಮೇಲೆ ತನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದ ಅಕ್ಕ. ಹೆಡೆಮುರಿ ಕಟ್ಟಿದರೂ ಅವಳು ಹಿಡಿದ ಹಟ ಬಿಡಳೆಂಬುದು ಅವನಿಗೆ ಗೊತ್ತು. ಬೇಡವೆಂದರೆ ಮಠಕ್ಕೆ ಅವಮಾನ. ಇಡಲಿ ಎಂದರೆ ಗೇಟಿನ ಸಲಾಮು ಮುಗಿಯಿತು. ಕೊನೆಗೆ ತಪ್ಪನ್ನು ತನ್ನ ತಲೆಯ ಮೇಲೆಯೇ ಹೊತ್ತುಕೊಂಡ.

"ಅಕ್ಕಾ, ನಂದ ತಪ್ಪಾತು. ಹೊಸಾ ಗಾಡಿ, ಆವಾಗ ನನಗೂ ಗೊತ್ತಿರಲಿಲ್ಲ. ಅದು ಬಾಯಿ ಅಲ್ಲ. ಮೂಗು."

ಸುಗಲಮ್ಮ ಬೆಚ್ಚಿದಳು. "ಮೂಗೇನು?"

"ಹೂಂ. ಉಸಿರು ತಗೊಳ್ಳೂದು."

"ಮೂರು ತಿಂಗಳು ಮೂಗಿನ್ಯಾಗ ಅರಿವಿ ತುರುಕೀನೇನು ನಾನು?" ಅವಳು ಓಡಿಹೋಗಿ ಬಾನೆಟ್ಟನ್ನು ಸವರಿದಳು. "ನನ್ನ ಮೂಗಿನ್ಯಾಗ ತುರುಕಿದ್ರ ನಾನಾದ್ರೂ ಬದುಕ್ತಿದ್ನೇನು! ಮೊದಲ ಹೇಳಬಾರದೇನೋ, ಮಳ್ಳಾ? ಪಾಪ, ಅದಕ್ಕ ಉಸಿರು ಕಟ್ಟಿ ಹೊಗಿ ಬಿಡಾಕತ್ತೈತಿ."

ಮೂವತ್ತೈದು ವರ್ಷ ಬಾಯ್ಲರುಗಳನ್ನು ಬಲ್ಲ ಮನುಷ್ಯ ಇದಕ್ಕಿಂತ ಸರಳವಾಗಿ ವಿವರಿಸಲಾರನೆಂದು ರಾಮದಾಸರಿಗೆ ಅನ್ನಿಸಿರಬೇಕು. ಅವರು ಹಗ್ಗದ ಮೇಲಿನ ಐದು ಚಂದ್ರರನ್ನು ಒಮ್ಮೆ ನೋಡಿ ನಿಟ್ಟುಸಿರಿಟ್ಟರು. ಸಂಗಣ್ಣನಿಗೆ ಅವರ ಮೇಲೂ ಅಯ್ಯೋ ಅನ್ನಿಸಿತು.

"ಆದರ ಒಂದು ಹೇಳ್ರಿ ಸಾಹೇಬ್ರ," ಎಂದಳು ಸುಗಲಮ್ಮ, ಕಣ್ಣೊರೆಸಿಕೊಂಡು. "ಇದು ಮೂಗು ಅಂದ್ರ, ಬಾಯಿ ಯಾವುದು?"

ಸಂಗಣ್ಣ ಕಣ್ಸನ್ನೆ ಮಾಡಿದ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರುವ ಶಕ್ತಿ ಆ ಎಂಜಿನಿಯರಿಗೆ ಇರಲಿಲ್ಲ. ಅದರಲ್ಲೂ ಇಡೀ ವಾರದಲ್ಲಿ ಸರಿಯುತ್ತರ ಗೊತ್ತಿದ್ದ ಏಕೈಕ ಪ್ರಶ್ನೆ ಅದು.

"ಡೀಸೆಲ್ ಹಾಕೋ ಜಾಗ ತಾಯಿ. ಅಗೋ, ಪಕ್ಕದಲ್ಲಿ, ಬೀಗ ಇರೋ ಮುಚ್ಚಳ."

ಸುಗಲಮ್ಮ ಆ ಮುಚ್ಚಳವನ್ನು ಬಹಳ ಹೊತ್ತು ನೋಡಿದಳು.

ಮರುದಿನ ಎಂಟಕ್ಕೆ ತೆಂಗಿನಕಾಯಿ ಒಡೆದು, ಗಂಟಿಲ್ಲದೆ ಪೂಜೆ ಮುಗಿಯಿತು. ಪೂಜೆಯುದ್ದಕ್ಕೂ ಸಂಗಣ್ಣ ಕೀಲಿಗೊಂಚಲನ್ನು ಮುಷ್ಟಿಯಿಂದ ಬಿಡಲಿಲ್ಲ. ಗೇಟಿನಲ್ಲಿ ಯಂತ್ರದವನು ಕೊಳವೆಗೆ ನಳಿಕೆ ಸೇರಿಸಿ ಆಕ್ಸಿಲರೇಟರು ಒತ್ತಲು ಹೇಳಿದ. ಸಂಗಣ್ಣ ಕಣ್ಣು ಮುಚ್ಚಿ ಒತ್ತಿದ. ತೆರೆದಾಗ ಸಾಯಿಕುಮಾರ ಗಾಡಿಯ ಹಿಂದೆ ನಿಂತು ಹೊಗೆಯನ್ನು ಹುಡುಕುತ್ತಿದ್ದ, ಕಳೆದುಹೋದ ಪೆನ್ನನ್ನು ಹುಡುಕುವವನಂತೆ. ಯಂತ್ರದಿಂದ ಪಾಸಿನ ಚೀಟಿ ಹೊರಬಂತು. ಕಾವಲುಗಾರ ಸಲಾಮು ಹೊಡೆದ.

ಮಧ್ಯಾಹ್ನ ಮನೆಗೆ ಬಂದಾಗ ಸುಗಲಮ್ಮ ಚೀಲ ಕಟ್ಟಿಕೊಂಡು ಊರಿಗೆ ಹೊರಟು ಕೂತಿದ್ದಳು. ರಾಮದಾಸರು ಗುಲಾಬಿಯ ಕರವಸ್ತ್ರದೊಂದಿಗೆ ಕಾಯುತ್ತಿದ್ದರು. ಹೊಗೆಯ ಕೊಳವೆಗೆ ಕಟ್ಟಿ ನೂರು ಎಣಿಸಿ ಬಿಚ್ಚಿದರೆ ಗುಲಾಬಿ ಗುಲಾಬಿಯಾಗಿಯೇ ಇತ್ತು. ಎಲ್ಲರೂ ನಕ್ಕರು. ಸಂಗಣ್ಣ ಅಕ್ಕನ ಕಾಲಿಗೆ ಬಿದ್ದ. ಕೀಲಿಗೊಂಚಲನ್ನು ಗೂಟಕ್ಕೆ ತೂಗುಹಾಕಿ, ಮೂರು ತಿಂಗಳಲ್ಲಿ ಮೊದಲ ಬಾರಿಗೆ ನಿಶ್ಚಿಂತೆಯಿಂದ ಊಟಕ್ಕೆ ಕೂತ. ಜೋಳದ ರೊಟ್ಟಿ, ಪುಂಡಿಪಲ್ಯ. ಸಾಹೇಬರಿಗೂ ಒಂದು ತಟ್ಟೆ.

"ನೀ ಸಾವಕಾಶ ಉಣ್ಣೋ ಸಂಗ್ಯಾ," ಎಂದಳು ಸುಗಲಮ್ಮ ಎದ್ದು, ಸೆರಗಿನೊಳಗೆ ಏನನ್ನೋ ಸರಿಪಡಿಸಿಕೊಳ್ಳುತ್ತ. "ನಾ ಗಾಡ್ಯಾಗ ಕುಂತಿರ್ತೀನಿ. ಟೇಶನ್‌ಗೆ ಬಿಡಾಕ ಆಮ್ಯಾಲೆ ಬಾ."

ಸಂಗಣ್ಣ ಎರಡನೆಯ ರೊಟ್ಟಿ ಮುರಿದ. ಅವನ ಕಣ್ಣು ಗೂಟದ ಮೇಲೆ ಬಿತ್ತು. ಗೂಟ ಬರಿದಾಗಿತ್ತು.

"ಗುರುದೇವಿ, ಕೀಲಿ ಎಲ್ಲಿ?"

"ಗಾಡ್ಯಾಗ ಕುಂದರ್ತೀನಿ ಅಂತ ಅವ್ವ ಕೇಳಿದ್ಲರಿ," ಎಂದಳು ಗುರುದೇವಿ ಪಲ್ಯ ಬಡಿಸುತ್ತ. "ಕೊಟ್ಟೆ."

ಸುಗಲಮ್ಮ ಆಗಲೇ ಹೊಸ್ತಿಲು ದಾಟಿದ್ದಳು. ಅವಳ ಬೆನ್ನ ಹಿಂದೆ ಬಾಗಿಲು ಮೆಲ್ಲನೆ ತಿರುಗಿ ಮುಚ್ಚಿಕೊಂಡಿತು.