ಫಿದೆನ್ಸಿಯೊನ ಊರು

ಜನವರಿಯ ಮಂಜು ದ್ರಾಕ್ಷಿ ಸಾಲುಗಳ ನಡುವೆ ಎದೆಮಟ್ಟಕ್ಕೆ ನಿಂತಿತ್ತು. ಫ್ರೆಸ್ನೊ ಕಡೆಯ ಬಯಲಿನಲ್ಲಿ ಬಳ್ಳಿ ಸವರುವ ಕಾಲ. ಎರ್ಮೆಲಿಂದಾ ಹಳೆಯ ಕಡ್ಡಿಗಳನ್ನು ಕತ್ತರಿಸಿ ಎಳೆಯುತ್ತಿದ್ದಳು. ಉಳಿದದ್ದನ್ನು ಅವಳ ಮೈದುನ ಎವರಾರ್ದೊ ತಂತಿಗೆ ಕಟ್ಟುತ್ತ ಬರುತ್ತಿದ್ದ. ಮೇಸ್ತ್ರಿಯ ಗಾಡಿಯ ರೇಡಿಯೊ ಸುದ್ದಿ ಹೇಳಿತು: ಕಾಗದಪತ್ರವಿಲ್ಲದೆ ಬಂದವರಿಗೆ ನೆಲೆ ಕೊಡುವ ಮಸೂದೆ ವಾಷಿಂಗ್ಟನ್ನಿನಲ್ಲಿ ಈ ಸಲವೂ ಸಿಕ್ಕಿಕೊಂಡಿದೆ, ಎರಡೂ ಪಕ್ಷದವರು ಒಬ್ಬರನ್ನೊಬ್ಬರು ದೂರುತ್ತಿದ್ದಾರೆ.

"ಆ ಮಸೂದೆ ಹೊಟ್ಟೇಲಿದ್ದಾಗ ನನ್ ಮಗಳೂ ಹೊಟ್ಟೇಲಿದ್ಲು," ಅಂದಳು ಆಚೆ ಸಾಲಿನ ಚೇಲಾ. "ಅವಳಿಗೀಗ ಎರಡು ಮಕ್ಳು. ಇದಿನ್ನೂ ಹುಟ್ತಾನೇ ಇದೆ."

ಎಲ್ಲರೂ ನಕ್ಕರು. ಎರ್ಮೆಲಿಂದಾ ನಗಲಿಲ್ಲ. ಗಂಡ ಫಿದೆನ್ಸಿಯೊನ ಬೂದಿ ನಾಲ್ಕು ವರ್ಷದಿಂದ ಅವಳ ಕಪಾಟಿನಲ್ಲಿತ್ತು. ಗಡಿಯಾಚೆ, ವಹಾಕಾದ ಅವರ ಬೆಟ್ಟದೂರಿನಲ್ಲಿ ಸತ್ತವನಿಗೆ ಮೊದಲ ಹಿಡಿ ಮಣ್ಣು ಹಾಕಬೇಕಾದವಳು ಹೆಂಡತಿ. ಅದಕ್ಕೇ ಬೂದಿಯನ್ನು ಯಾರ ಕೈಲೋ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ. ತಾನೇ ಹೋದರೆ, ಕಾಗದಪತ್ರವಿಲ್ಲದ ಅವಳು ಮತ್ತೆ ಗಡಿ ದಾಟಿ ಮಕ್ಕಳ ಬಳಿಗೆ ವಾಪಸು ಬರುವಂತಿರಲಿಲ್ಲ. ಕಾನೂನು ಬರಲಿ ಎಂದು ಕಾದಿದ್ದಳು.

ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. "ಭಾನುವಾರ ನಿಮ್ಮಣ್ಣನ್ನ ಇಲ್ಲೇ ಮಣ್ಣು ಮಾಡ್ತೀನಿ ಕಣೋ."

ಎವರಾರ್ದೊನ ಕೈ ನಿಂತಿತು. "ಇಲ್ಲೇ ಅಂದ್ರೆ? ತೋಟದ ಧಣಿಗಳ ಅಪ್ಪ, ತಾತ ಮಲಗಿರೋ ಸ್ಮಶಾನದಲ್ಲಾ? ಬೇಡ ಅತ್ತಿಗೆ. ಅವ್ವ ಊರಲ್ಲಿ ಕಾಯ್ತಾ ಕೂತವ್ಳೆ. ಇನ್ನೊಂದು ಚುನಾವಣೆ ನೋಡೋಣ."

"ನೀನು ನೋಡ್ತಾ ಇರು. ಇಪ್ಪತ್ತು ವರ್ಷ ಈ ನೆಲಕ್ಕೆ ಬೆನ್ನು ಬಗ್ಗಿಸ್ದ. ಪೊಲೀಸ್ ಗಾಡಿ ಕಂಡ್ರೆ ಬಳ್ಳಿ ಮರೆಗೆ ಹೋಗ್ತಿದ್ದ. ಇನ್ನು ಅಡಗೋದಿಲ್ಲ. ಬೇಕಾದ್ರೆ ಬಂದು ಅಗೆದು, ಹೊರಗೆ ಹಾಕ್ಲಿ."

"ಅವ್ವಂಗೇನು ಹೇಳ್ಲಿ?"

"ನಾನೇ ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ."

ಭಾನುವಾರ ಪಾದ್ರಿಯ ಪ್ರಾರ್ಥನೆ ಮುಗಿಯುವವರೆಗೂ ಎವರಾರ್ದೊ ಸ್ಮಶಾನದ ಗೇಟಿನ ಹೊರಗೇ ಇದ್ದ. ಎರ್ಮೆಲಿಂದಾ ಮೊಣಕಾಲೂರಿ ಮೊದಲ ಹಿಡಿ ಮಣ್ಣು ಹಾಕಿದಳು, ಆಮೇಲೆ ಎರಡೂ ಕೈಯಿಂದ ಬಾಚಿ ಗುಂಡಿ ತುಂಬಿದಳು. ಆಗ ಅವನು ಟೋಪಿ ತೆಗೆದು ಒಳಗೆ ಬಂದ.

ಸಮಾಧಿಯ ಕಲ್ಲು ಕೆತ್ತುವ ಮುದುಕ ಹೆಸರು ಕೇಳಿ ಬರೆದುಕೊಂಡ. "ಕೆಳಗೆ ಯಾವೂರು ಅಂತ ಹಾಕ್ಲಮ್ಮ?"

ಎವರಾರ್ದೊ ಬಾಯಿ ತೆರೆಯುವಷ್ಟರಲ್ಲಿ ಅವಳು ಈ ಊರಿನ ಹೆಸರು ಹೇಳಿಬಿಟ್ಟಳು. ಮುದುಕ ಅದನ್ನೂ ಬರೆದುಕೊಂಡ.

ಎವರಾರ್ದೊ ಕುಕ್ಕರುಗಾಲಿನಲ್ಲಿ ಕೂತು, ಅಣ್ಣನ ಮೇಲಿನ ಹಸಿ ಮಣ್ಣಿನೊಳಗಿನ ಹರಳುಕಲ್ಲುಗಳನ್ನು ಒಂದೊಂದಾಗಿ ಆರಿಸಿ ಬೇಲಿಯಾಚೆ ಎಸೆಯತೊಡಗಿದ.