ಬಚ್ಚಲ ಗೋಡೆಯ ಬಿಸಿ

ಬಸವಕಲ್ಯಾಣದ ಕೋಟೆ ಕಡೆಯ ಓಣಿಯಲ್ಲಿ ಅನುರಾಧಾಳ ಮನೆಗೂ ಮುನ್ನಿ ಬೀಯ ಮನೆಗೂ ನಡುವೆ ಇದ್ದುದು ಒಂದೇ ಗೋಡೆ. ಈಚೆಗೆ ಅನುರಾಧಾಳ ಬಚ್ಚಲು. ಗೋಡೆಗೆ ತಾಗಿಸಿ ಇಟ್ಟಿಗೆ, ಮಣ್ಣಿನಿಂದ ಕಟ್ಟಿದ ನೀರೊಲೆ, ಅದರಲ್ಲಿ ಕೂರಿಸಿದ ತಾಮ್ರದ ಹಂಡೆ. ಚಳಿಗಾಲದಲ್ಲಿ ನಸುಕಿಗೇ ಜಾಲಿ ಕಟ್ಟಿಗೆ ಹಾಕಿ ಉರಿ ಹಚ್ಚಿದರೆ ಮಧ್ಯಾಹ್ನದವರೆಗೂ ನೀರು ಆರುತ್ತಿರಲಿಲ್ಲ.

ಆ ಒಲೆಯ ಮುಂದೆ ಕೂತೇ ಅವಳು ಗಂಡ ಗುರುಶಾಂತನಿಗೆ ಹೇಳಿದ್ದಳು: "ನಿಮ್ಮವ್ವನ್ನ ರಾಜೇಶ್ವರ ಊರಿಗಿ, ಮಗಳ ಮನಿಗಿ ಕಳಿಸ್ರಿ. ಒಂದೀಟು ದಿನ ಆಕೀನೂ ನೋಡ್ಲಿ. ನನಗ ಸಾಕಾಗ್ಯಾದ."

ಗುರುಶಾಂತ ಹಂಡೆಯ ಮುಚ್ಚಳ ತೆಗೆದ. ನೀರು ತೋಡಿಕೊಂಡು ಹೋದ.

ಮರುದಿನ ನಳದ ಹತ್ತಿರ ಎದುರುಮನೆಯ ಭಾಗಮ್ಮ ಕೇಳಿಯೇಬಿಟ್ಟಳು: "ಅತ್ತೀನ್ನ ರಾಜೇಶ್ವರಕ್ಕ ಕಳಸ್ತೀಯಂತಲ್ಲ?"

ಅನುರಾಧಾಳಿಗೆ ಮೈಯೆಲ್ಲ ಉರಿದುಹೋಯಿತು. ಮಾಳಿಗೆಯ ಮೇಲಿಂದ ಎಷ್ಟೋ ಸಲ ನೋಡಿದ್ದಳು, ಮುನ್ನಿ ಬೀ ತನ್ನ ಪಡಸಾಲೆಯಲ್ಲಿ ಆ ಗೋಡೆಗೇ ಒರಗಿ ಕೂತಿರುತ್ತಿದ್ದಳು. ಕೊಡ ಹಿಡಿದು ಪಾಳಿಯಲ್ಲಿ ನಿಂತಿದ್ದ ಮುದುಕಿ ಮುನ್ನಿ ಬೀಯ ಕಡೆ ತಿರುಗಿದಳು.

"ಖಾಲಾ, ಗ್ವಾಡಿಗಿ ಕಿವಿ ಹಚ್ಚಿ ಮಂದಿ ಮನಿ ಮಾತು ಕೇಳೋದು ಚಲೋ ಅಲ್ರಿ. ಕೇಳಿದ್ದು ಓಣಿ ತುಂಬ ಸಾರೋದು ಇನ್ನೂ ಚಲೋ ಅಲ್ಲ!"

ಮುನ್ನಿ ಬೀ ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋದಳು.

ಆ ವಾರವೇ ಅತ್ತೆ ಮಾಣಿಕಮ್ಮ ಹೇಳಿದಳು: "ಮುನ್ನಿ ಬೀಗಿ ಆರಾಮಿಲ್ಲಂತ. ಬಾ, ನೋಡಿ ಬರೋಣು."

ಒಲ್ಲೆ ಎನ್ನಲಾಗದೆ ಅನುರಾಧಾ ಹಿಂದೆ ಹೋದಳು. ಮುದುಕಿ ಬಾಗಿಲ ಬಳಿ, ಗಾಳಿ ಹೊಡೆಯುವಲ್ಲಿ ಮಂಚದ ಮೇಲೆ ಮುದುಡಿಕೊಂಡಿದ್ದಳು. ಮಗಳು ಮೆಹರೀನ್ ಕಾಸಿದ ಅರಿವೆಯಿಂದ ಹೆಗಲಿಗೆ ಶಾಖ ಕೊಡುತ್ತಿದ್ದಳು.

"ಥಂಡಿಗಿ ಅಮ್ಮಿದು ಹೆಗಲು ಹಿಡೀತದರಿ. ದಿನಾ ಆ ಗ್ವಾಡಿಗಿ ಒರಗಿ ಕೂಡ್ತಿದ್ಳು, ನಿಮ್ಮ ಒಲಿ ಬಿಸಿ ಬರ್ತದಲ್ಲ. ಈಗ ಯಾಕೋ ಒಲ್ಲೆ ಅಂತಾಳ, ಮಂಚ ಇತ್ಲಾಗ ಹಾಕಿಸ್ಯಾಳ."

ಅನುರಾಧಾ ಹೋಗಿ ಗೋಡೆ ಮುಟ್ಟಿದಳು. ಬೆಚ್ಚಗಿತ್ತು. ಮುದುಕಿ ನಳದ ಬಳಿಯ ಜಗಳವನ್ನು ಮಗಳಿಗೂ ಹೇಳಿಲ್ಲ ಎಂಬುದು ಹೊಳೆದಾಗ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು ಖಾಲಾ. ನೀವು ಮಾತು ಕೇಳಾಕತ್ತೀರಿ ಅಂತ ತಿಳಕೊಂಡೆ."

"ಸುಳ್ಳು ಯಾಕ ಹೇಳ್ಲಿ ಬೇಟಿ? ಕೇಳಸ್ತದ," ಎಂದಳು ಮುನ್ನಿ ಬೀ. "ನೀ ಮದುವಿ ಆಗಿ ಬಂದಾಗಿಂದ ಎಲ್ಲಾ ಕೇಳ್ಯಾದ. ಅಲ್ಲಾನ ಆಣಿ, ಒಬ್ರ ಮುಂದೂ ಬಾಯಿ ಬಿಟ್ಟಿಲ್ಲ."

"ಮತ್ತ ಭಾಗಮ್ಮಗ ಯಾರು..."

"ನಾನೇ ಹೇಳೀನಿ," ಎಂದಳು ಮಾಣಿಕಮ್ಮ. ಮುದುಕಿಯ ಹೊದಿಕೆ ಸರಿಮಾಡುತ್ತಿದ್ದವಳು ಸೊಸೆಯ ಮುಖ ನೋಡಲಿಲ್ಲ. "ಅವತ್ತು ಬಿಸಿನೀರಿಗಂತ ಬಚ್ಚಲ ಬಾಗಲದಾಗ ನಿಂತಿದ್ದೆ. ಯಾರ ಮುಂದರ ಅಳಬೇಕಿತ್ತು."

ಅನುರಾಧಾ ಮಂಚದ ಬಳಿ ಬಂದಳು. ಮೆಹರೀನ್ ಜೊತೆ ಕೈಹಚ್ಚಿ ಮಂಚವನ್ನು ಗೋಡೆಗೆ ಸರಿಸಿದಳು, ಅಷ್ಟೇ.

ಮರುದಿನ ನಳದ ಹತ್ತಿರ, ಎಲ್ಲರೂ ಇದ್ದಾಗಲೇ, ಮುನ್ನಿ ಖಾಲಾನ ಮೇಲೆ ಸುಳ್ಳು ಅಪವಾದ ಹೊರಿಸಿದೆ ಎಂದು ಒಪ್ಪಿಕೊಂಡಳು. ಭಾಗಮ್ಮ ಸೆರಗಿನ ಮರೆಯಲ್ಲಿ ನಕ್ಕಳು. ನಗಲಿ ಎಂದು ಅನುರಾಧಾ ಬಿಟ್ಟಳು. ಆದರೆ ಅತ್ತೆಗೆ ಹೇಳಬೇಕಾದ ಮಾತು ಮಾತ್ರ ಇನ್ನೂ ಬಾಕಿ ಉಳಿಯಿತು.

ಐತವಾರ ಮಾಣಿಕಮ್ಮ ತಾನಾಗಿಯೇ ಚೀಲ ಕಟ್ಟಿದಳು. ಅನುರಾಧಾ ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದಳು. ಅತ್ತೆಯನ್ನು ಹತ್ತಿಸಿಕೊಂಡು, ರಾಜೇಶ್ವರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಹೊರಟು ಹೋಯಿತು. ಅದು ರಾಜೇಶ್ವರ ಮುಟ್ಟುವ ಮೊದಲೇ ಅನುರಾಧಾ ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಹಚ್ಚಿದಳು.

"ಅತ್ತಿ, ನನ್ನದು ತಪ್ಪಾಗ್ಯಾದ್ರಿ. ನಾಳಿ ನಾನೇ ಕರಕೊಂಡು ಹೋಗಾಕ ಬರ್ತೀನಿ."

"ನಾಳಿ ಬ್ಯಾಡ," ಎಂದಳು ಮಾಣಿಕಮ್ಮ. "ನಾಲ್ಕು ದಿನ ಮಗಳ ಸಂಗ್ತಿ ಇದ್ದು ಬರ್ತೀನಿ."